ಬೇವಿನ ಎಲೆ ಕಚ್ಚಿಸಿ ಗಾಲ್ಫ್ ಕಲಿಸುವ ಭೀಮವ್ವ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಮುದನಾಳದ ಆಚೆ, ಭೀಮಾ ನದಿಯ ಕಡೆಗೆ ಇಳಿಯುವ ಹಳೆಯ ಕಲ್ಲುಗಣಿಯ ತುಂಬ ಮಂಜು. ಭೀಮವ್ವ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಕಣ್ಣಿಗೆ ಕೆಲಸವಿಲ್ಲ, ಪಾದಕ್ಕೆ ಚೆಂಡು ತಾಗಿದರೆ ಬಗ್ಗಿ ಹೆಕ್ಕಿ ಹಿಂದಕ್ಕೆ ಎಸೆಯುತ್ತಾರೆ. ಅದು ಬುಟ್ಟಿಯಲ್ಲೇ ಬೀಳುತ್ತದೆ. ಹಿಂದೆ ಬರುತ್ತಿರುವ ನನಗೆ ಇದ್ದಕ್ಕಿದ್ದಂತೆ ಕೈ ಅಡ್ಡ ಹಿಡಿದು ನಿಲ್ಲುತ್ತಾರೆ.

ಸುಂಯ್ ಎನ್ನುವ ಸದ್ದು. ಯಾರೋ ಕೋಲು ಬೀಸಿದ ಸದ್ದು. ಐದನೇ ಚಾಪೆಯ ಕಡೆಯಿಂದ ಬಂತು. ಗೇಟಿನ ಬೀಗ ಈಗಷ್ಟೇ ತೆಗೆದವರು ನಾವಿಬ್ಬರೇ.

"ಗಾಳಿ ಇರಬೇಕು" ಎನ್ನುತ್ತೇನೆ.

"ಹೌದ್ರಿ, ಗಾಳಿನೇ" ಎನ್ನುತ್ತಾರೆ ಭೀಮವ್ವ, ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ. ಐದನೇ ಚಾಪೆಯ ಮೇಲೆ ಅರ್ಧ ಕಚ್ಚಿದ ಹಸಿ ಬೇವಿನ ಎಲೆಯೊಂದಿದೆ. ಹಲ್ಲಿನ ಗುರುತು ಸಾಲಾಗಿ ಮೂಡಿದೆ, ನಡುವೆ ಒಂದು ಹಲ್ಲಿನಷ್ಟು ಜಾಗ ಮಾತ್ರ ಕಚ್ಚದೆ ಉಳಿದಿದೆ. ಅವರು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಮುಂದೆ ಹೋಗುತ್ತಾರೆ. 

ಯಾದಗಿರಿಯಲ್ಲಿ ಗಾಲ್ಫೇ ಎಂದು ಹುಬ್ಬೇರಿಸಬೇಡಿ, ನಾನೂ ಏರಿಸಿದ್ದೆ. ಸುರಪುರದ ನಿವೃತ್ತ ಎಂಜಿನಿಯರ್ ಜಗದೇವಪ್ಪ ನಾಲ್ಕು ವರ್ಷದ ಹಿಂದೆ ಈ ಪಾಳು ಗಣಿಯನ್ನು ಅಭ್ಯಾಸ ಮೈದಾನ ಮಾಡಿದರು. ಹುಲ್ಲುಹಾಸಿಲ್ಲ, ಕುಳಿಗಳಿಲ್ಲ. ತಗಡಿನ ಚಾವಣಿ, ನಿಂತು ಹೊಡೆಯಲು ಏಳು ಚಾಪೆ, ಮೂವತ್ತು ಗಜಕ್ಕೊಂದು ಬಾವುಟ, ಅಷ್ಟೇ. ಕಲಿಯುವವರು ಇಪ್ಪತ್ತಮೂರು ಜನ. ನಲವತ್ತೆಂಟರ ಭೀಮವ್ವ ದಿನಕ್ಕೆ ನಾನೂರು ಚೆಂಡು ಹೆಕ್ಕುತ್ತಾರೆ, ಆರು ಕಿಲೋಮೀಟರ್ ನಡೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ಚೆಂಡು ಹೆಕ್ಕುವವರು' ಎಂದೇ ಇದೆ. ಆದರೆ ಹೊಸಬರು ಬಂದರೆ ಮೊದಲು ನಿಲ್ಲುವುದು ಅವರ ಮುಂದೆ.

ನಾನೂ ನಿಂತೆ. ಹಲ್ಲು ಕಚ್ಚಿ, ಇದ್ದ ಬಲವನ್ನೆಲ್ಲ ತೋಳಿಗೆ ತಂದು ಬೀಸಿದೆ. ಚೆಂಡು ನಲವತ್ತು ಗಜವೂ ಹೋಗಲಿಲ್ಲ. ಭೀಮವ್ವ ನಗಲಿಲ್ಲ, ಅದೇ ಉಪಕಾರ.

"ತೋಳಿನ ಜೋರು ಯಾಕ ತರ್ತೀರಿ? ರೊಟ್ಟಿ ಹಿಟ್ಟಿನ ಮುದ್ದಿ ಹಿಡಿದಂಗ ಹಿಡೀರಿ ಕೋಲು. ಬೆನ್ನು ಪೂರಾ ತಿರುಗ್ಲಿ. ಕೋಲು ತಿರುಗಿ ಬರೂ ಮುಂದ ಮೊದಲು ಸೊಂಟ, ಆಮ್ಯಾಲ ಭುಜ, ಕಟ್ಟಕಡೀಗೆ ಕೈ" ಎಂದರು. ಆಮೇಲೆ ಕೋಲನ್ನು ತಲೆಕೆಳಗಾಗಿ ಹಿಡಿಸಿ ಚೆಂಡಿಲ್ಲದೆ ಬೀಸಿಸಿದರು. "ಸಪ್ಪಳ ಚೆಂಡಿಗಿಂತ ಮೊದಲs ಬಂದ್ರ ಜೋರೆಲ್ಲ ದಾರ್ಯಾಗ ಚೆಲ್ಲೀರಿ ಅಂತ ತಿಳ್ಕೊರಿ. ಚೆಂಡು ಇರೂ ಜಾಗಾ ದಾಟಿದ ಮ್ಯಾಲ ಸುಂಯ್ ಅನ್ನಬೇಕು."

ಕೊನೆಯ ಪಾಠ ಅವರದೇ. ಹಲ್ಲಿನ ನಡುವೆ ಒಂದು ಬೇವಿನ ಎಲೆ. ಬೀಸುವಾಗ ಅದು ತಾನಾಗಿ ಬಿದ್ದರೆ ದವಡೆ ಸಡಿಲ, ದವಡೆ ಸಡಿಲವಾದರೆ ಭುಜವೂ ಸಡಿಲ, ಕೋಲು ಹಗುರವಾಗಿ ಓಡುತ್ತದೆ. ಎಲೆ ತುಂಡಾಗಿ ಕಹಿ ಬಾಯಿಗಿಳಿದರೆ ಮತ್ತೆ ಮೊದಲಿನಿಂದ. ಶಹಾಪುರದ ದೈಹಿಕ ಶಿಕ್ಷಕಿ ಕಸ್ತೂರಿ ಹೀಗೆ ನಾಲ್ಕು ತಿಂಗಳಲ್ಲಿ ತೊಂಬತ್ತೈದು ಗಜದಿಂದ ನೂರಾ ಮೂವತ್ತಕ್ಕೆ ಬಂದಿದ್ದಾರೆ. ನಾನು ಆ ದಿನ ಕಚ್ಚಿದ ಎಲೆಗಳಿಗೆ ಹೊಟ್ಟೆಯ ಹುಳುವೆಲ್ಲ ಸತ್ತಿರಬೇಕು.

ಈ ಪಾಠ ಹುಟ್ಟಿದ್ದು ನದಿಯಲ್ಲಿ. ಭೀಮವ್ವನ ಮನೆತನದವರು ಬಲೆ ಬೀಸುವವರು. ಬಲೆಯ ಹಗ್ಗ ಮಣಿಕಟ್ಟಿಗೆ, ಒಂದು ಅಂಚು ಹಲ್ಲಿನಲ್ಲಿ. ಸೊಂಟ ತಿರುಗಿಸಿ ಬೀಸಿದ ಗಳಿಗೆಗೆ ಬಾಯಿ ತೆರೆಯಬೇಕು, ಆಗಲೇ ಬಲೆ ಅಗಲವಾಗಿ ಹರಡುವುದು. ಗಂಡನೂ ಹಾಗೇ ಬೀಸುತ್ತಿದ್ದ. ಹರೆಯದಲ್ಲಿ ಒಮ್ಮೆ ಬಾಯಿ ತೆರೆಯುವುದು ತಡವಾಗಿ ಮುಂದಿನ ಹಲ್ಲೊಂದು ಹೋಗಿತ್ತು. ಗಂಡನ ಹೆಸರನ್ನು ಭೀಮವ್ವ ನಾಲಿಗೆಯ ಮೇಲೆ ತರುವುದಿಲ್ಲ, ಹಳೆಯ ರೂಢಿ. ಹಣಮೇಶ ಎಂದು ನನಗೆ ಹೇಳಿದವರು ಕಸ್ತೂರಿ.

"ಆರು ವರ್ಷ ಆತು. ಮ್ಯಾಲಿಂದ ನೀರು ಬಿಟ್ಟಿದ್ರು. ಬಲಿ ತೇಲಿ ಬಂದ ಯಾವುದೋ ಬೊಡ್ಡಿಗೆ ಸಿಕ್ಕಿ ಅವನ್ನ ಎಳಕೊಂಡು ಹೋತು" ಎನ್ನುತ್ತಾರೆ ಭೀಮವ್ವ. "ಮೂರನೇ ದಿನಕ್ಕ ಸಿಕ್ಕ. ಅಂಚು ಇನ್ನಾ ಹಲ್ಲಾಗ ಇತ್ರಿ. ಎಷ್ಟು ಮಾಡಿದ್ರೂ ಬಾಯಿ ತೆರೀಲಿಲ್ಲ. ಬಲಿ ಕೊಯ್ದು ಹಂಗs ಮಣ್ಣು ಮಾಡಿದ್ವಿ."

ಅಂದಿನಿಂದ ಭೀಮವ್ವನ ದವಡೆಯೂ ಸಡಿಲವಾಗಿಲ್ಲ. ನಿದ್ದೆಯಲ್ಲೂ ಹಲ್ಲು ಕಡಿಯುತ್ತಾರಂತೆ. ಊರಿಗೆಲ್ಲ ಕಲಿಸಿದವರ ಸ್ವಂತ ಚೆಂಡು ಎಪ್ಪತ್ತು ಗಜ ದಾಟುವುದಿಲ್ಲ. ಐದನೇ ಚಾಪೆಯ ಸದ್ದು, ಎಲೆ ಶುರುವಾಗಿದ್ದು ಅವರು ಇಲ್ಲಿ ಕೆಲಸಕ್ಕೆ ಸೇರಿದ ವಾರದಲ್ಲೇ. "ಅಂವ ನನ್ನ ಕಾಯಾಕತ್ತಾನ್ರಿ. ನಾನs ಅವನ್ನ ಹಿಡ್ಕೊಂಡೀನೋ ಏನೋ, ಗೊತ್ತಿಲ್ಲ."

ನಾನು ಅಲ್ಲಿಗೆ ಹೋಗಿದ್ದ ಭಾನುವಾರವೇ ಅವರಿಗೆ ಪರೀಕ್ಷೆ. ಕಲಿಸುವವರು ಹೊಡೆದೂ ತೋರಿಸಬೇಕು ಎಂಬುದು ಜಗದೇವಪ್ಪನವರ ಹೊಸ ನಿಯಮ. ಮೂರು ಚೆಂಡಿನಲ್ಲಿ ಒಂದು ನೂರಾ ಇಪ್ಪತ್ತು ಗಜದ ಹಸಿರು ಬಾವುಟ ದಾಟಿದರೆ ಭೀಮವ್ವ ಶಿಕ್ಷಕಿ. ಇಲ್ಲವಾದರೆ ಹೊರಗಿನಿಂದ ಒಬ್ಬರು ಬರುತ್ತಾರೆ, ಇವರು ಬರೀ ಬುಟ್ಟಿಗೆ.

ಏಳು ಗಂಟೆ, ಮಂಜು ಕರಗಿಲ್ಲ. ಮೊದಲ ಚೆಂಡು ಅರವತ್ತೆಂಟು ಗಜ, ಎಲೆ ತುಂಡು. ಎರಡನೆಯದು ಎಪ್ಪತ್ತು, ಎಲೆ ತುಂಡು. ಜಗದೇವಪ್ಪ ನೆಲ ನೋಡುತ್ತಿದ್ದಾರೆ. ಭೀಮವ್ವ ಮೂರನೇ ಎಲೆ ಕಚ್ಚಿ ಕೋಲೆತ್ತಿದಾಗ ಪಕ್ಕದ ಖಾಲಿ ಐದನೇ ಚಾಪೆಯಿಂದ ಆ ಸದ್ದು. ಈ ಸಲ ನಾವು ನಾಲ್ವರೂ ಕೇಳಿದೆವು. ಕಸ್ತೂರಿ ನನ್ನ ತೋಳು ಹಿಡಿದುಕೊಂಡರು.

ಭೀಮವ್ವನ ಬೆನ್ನು ಪೂರ್ತಿ ತಿರುಗಿತು. ಸೊಂಟ ಮೊದಲು ಹೊರಳಿತು. ಕೋಲು ಇಳಿಯುವ ಹೊತ್ತಿಗೆ ಅವರ ಗಂಟಲಿಂದ ಮದುವೆಯಾದಂದಿನಿಂದ ಒಮ್ಮೆಯೂ ಬಾರದ ಹೆಸರು ಬಂತು: "ಹಣಮೇಶಾ, ಬಿಡೋ!"

ಎಲೆ ತುಂಡಾಗದೆ ಉದುರಿತು. ಚೆಂಡು ಕಾಣಲಿಲ್ಲ. ಎಷ್ಟೋ ಹೊತ್ತಿನ ಮೇಲೆ ದೂರದ ಕಲ್ಲಿಗೆ ಟಣ್ ಎಂದು ಬಡಿದ ಸದ್ದು ಕೇಳಿತು. ಅಳತೆ ಟೇಪು ಹಿಡಿದು ಹೋದ ಜಗದೇವಪ್ಪ ಮಂಜಿನೊಳಗಿಂದ ಕೂಗಿದರು, "ನೂರಾ ಇಪ್ಪತ್ತೆಂಟು!" ಭೀಮವ್ವ ಚಾಪೆಯ ಮೇಲೆ ಕುಕ್ಕರಿಸಿ ಬಾಯಿ ಬಿಟ್ಟು ಅತ್ತರು. ನನ್ನ ಕಣ್ಣೂ ಒಣಗಿರಲಿಲ್ಲ.

ಇದಾಗಿ ಮೂರು ವಾರಕ್ಕೆ ಮತ್ತೆ ಹೋಗಿದ್ದೇನೆ. ಹಾಜರಿ ಪುಸ್ತಕದಲ್ಲಿ ಈಗ 'ಶಿಕ್ಷಕಿ' ಎಂದಿದೆ. ಬೆಳಿಗ್ಗೆ ಗೇಟು ತೆಗೆದರೆ ಐದನೇ ಚಾಪೆ ಖಾಲಿ. ಸದ್ದಿಲ್ಲ, ಎಲೆಯಿಲ್ಲ. ಯಾರೂ ಬರುವ ಮುಂಚೆ ಭೀಮವ್ವನೇ ಅಲ್ಲಿ ನಿಂತು ನದಿಯ ಕಡೆ ಮುಖ ಮಾಡಿ ಚೆಂಡಿಲ್ಲದೆ ಇಪ್ಪತ್ತು ಸಲ ಬೀಸುತ್ತಾರೆ. ಹುದ್ದೆ ಸಿಕ್ಕಿತಲ್ಲ, ಇನ್ನೂ ಯಾಕೆ ಈ ಕಷ್ಟ ಎಂದು ಕೇಳುತ್ತೇನೆ.

"ಇನ್ನೊಂದೀಟು ಜೋರು ಬೀಸಾಕ ಬರಬೇಕ್ರಿ" ಎನ್ನುತ್ತಾರೆ. "ಸಪ್ಪಳ ಹೊಳಿ ತನಕಾ ಹೋಗಬೇಕು. ಇಷ್ಟು ದಿನ ಅಂವ ಕೇಳಿಸ್ಯಾನ, ಈಗ ನಂದು ಪಾಳಿ."