ಪಕ್ಕದ ಮನೆಯ ಬಿಸಿಲು

ಗೆಳೆಯರೇ, ಇವತ್ತು ಬೆಟಗೇರಿಯ ನಮ್ಮ ಮನೆಗೆ ಸೋಲಾರ್ ಕೂರಿಸಲು ಬಂದವನು ಮಾಳಿಗೆ ಹತ್ತಿ ನೋಡಿ, ‘ಅಕ್ಕಾರ, ಬೇವಿನ ಗಿಡದ ನೆರಳು ಬೀಳತೈತಿ. ಗಿಡ ಕಡಿಸಬೇಕ್ರಿ’ ಎಂದ. ಭೂಮಿ ಬಿಸಿಯಾಗುತ್ತಿದೆ ಎಂದು ಸೋಲಾರ್‌ಗೆ ಹಠ ಹಿಡಿದವಳು ನಾನೇ. ಯಜಮಾನರು ಆಗಲೇ ಮರ ಕಡಿಯುವವನಿಗೆ ಫೋನ್ ಹಚ್ಚಿದ್ದರು.

ಅದೇ ಮರದ ಕೆಳಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಪಕ್ಕದ ಮನೆಯ ಫಾತಿಮಾಬಿ ತಲೆ ಎತ್ತಿದರು. ‘ಫೋನ್ ಇಡ್ರಿ ಸರ. ನಮ್ಮ ಮಾಳಗಿ ಮ್ಯಾಲೆ ಹಾಕ್ರಿ, ಅಲ್ಲಿ ಬರೇ ಬಿಸಿಲೈತಿ.’

‘ಮತ್ತ ಅಲ್ಲಿ ಒಣಗಸೋ ನಿಮ್ಮ ಮೆಣಸಿನಕಾಯಿ?’ ಎಂದೆ.

‘ಮೂಲ್ಯಾಗ ಹಾಕ್ತೀನಿ. ತಡಾ ಒಣಗತಾವ, ಒಣಗಲಿ. ಈ ನೆರಳು ಹೋದ್ರ ಬ್ಯಾಸಗ್ಯಾಗ ನಾ ಒಣಗತೀನ್ರಿ.’

ಮರ ಉಳಿಯಿತು. ಫಾತಿಮಾಬಿಗೆ ಕೈ ಮುಗಿದೆ. ಇಷ್ಟು ಬಿಸಿಲಿನ ಬೆಟಗೇರಿಯಲ್ಲಿ ಪಕ್ಕದ ಮನೆಯಿಂದ ಬಿಸಿಲು ಕಡ ತಂದವರು ನಾವೇ ಮೊದಲಿರಬೇಕು.