ಹಗೇವಿಗೆ ಇಳಿಸಿದ ಪೆಟ್ರೋಲು

ನಿಜಾಮರ ಕಾಲ, ಯುಗಾದಿಯ ಮರುದಿನ ಬೆಳಗು. ಕಮಲಾಪುರದ ನಮ್ಮ ಅಂಗಳದಲ್ಲಿ, ಹಗೇವಿನ ಬಾಯಿಯಿಂದ ಎಂಟು ಮೊಳ ಈಚೆಗೆ, ಬೇವಿನ ಗಿಡಕ್ಕೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ; ನಿಮಗೆ ಗೊತ್ತಿದ್ದರೂ ಹೇಳಿಬಿಡುತ್ತೇನೆ. ಆ ಬೆಳಗನ್ನು ನೆನಪಿಸಿದ್ದು ಇಂದು ಕಲಬುರಗಿಯ ಶಹಾಬಜಾರದಲ್ಲಿ ಮೂಗಿಗೆ ಬಡಿದ ವಾಸನೆ. ಅಣ್ಣನ ಮಗ ಶರಣು, ಬಹುಕಾಲ ನಿಲ್ಲಿಸಿದ್ದ ಸ್ಕೂಟರಿನ ಪೆಟ್ರೋಲ್ ಟಾಕಿ ತೆರೆದಿದ್ದ. ಹಳೆಯ ವಾರ್ನಿಷಿನಂಥ ಹುಳಿ ವಾಸನೆ.

ದೊಡ್ಡಪ್ಪ ಮೋಟಾರು ಕಾರು ಕೊಂಡಾಗ ಪೆಟ್ರೋಲಿನ ಡಬ್ಬಿಗಳನ್ನೂ ಒಮ್ಮೆಲೇ ತರಿಸಿದ್ದರು. ಒಂದನ್ನು ಪಡಸಾಲೆಯಲ್ಲಿಟ್ಟು, ಉಳಿದವನ್ನು ಖಾಲಿ ಹಗೇವಿಗೆ ಇಳಿಸಿ ಬಾಯಿಗೆ ಮಣ್ಣು ಮೆತ್ತಿಸಿದರು.

"ಜ್ವಾಳನ ಏಸೋ ವರ್ಷ ಕೆಡಂಗಿಲ್ಲ. ಇದಕೇನು ಹುಳಾ ಹತ್ತತಾವೇನು?"

ಹುಳ ಹತ್ತದ್ದು ಕೆಡುವುದಾದರೂ ಹೇಗೆ? ನಾನೂ ತಲೆಯಾಡಿಸಿದ್ದೆ. ಅಣ್ಣನ ಮದುವೆಯಲ್ಲಿ ಮೆರೆದ ಮೋಟಾರು ಆಮೇಲೆ ಎರಡು ಬೇಸಿಗೆ ನಿಂತೇ ಇತ್ತು.

ಆ ಬೆಳಗ್ಗೆ ಅತ್ತಿಗೆಗೆ ಹೆರಿಗೆ ನೋವು. ಸೂಲಗಿತ್ತಿ ಕೈಚೆಲ್ಲಿದಳು, ಕಲಬುರಗಿಯ ದವಾಖಾನೆಯೇ ಗತಿ. ಅತ್ತಿಗೆಯನ್ನು ಮೋಟಾರಿನಲ್ಲಿ ಕೂಡಿಸಿ ಪಡಸಾಲೆಯ ಡಬ್ಬಿ ಸುರಿದೆವು. ಚಹಾದ ಬಣ್ಣ, ತಳದಲ್ಲಿ ಬೇವಿನ ಅಂಟಿನಂಥ ಗಷ್ಟು. ಹ್ಯಾಂಡಲ್ ತಿರುಗಿಸಿದರೆ ಮೋಟಾರು ಕೆಮ್ಮಿ ಸುಮ್ಮನಾಯಿತು.

"ಹಗೇವಿಂದು ಛೊಲೋ ಇರ್ತೈತಿ. ತಗೀ ಮಲ್ಕಪ್ಪಾ!" ಎಂದರು ದೊಡ್ಡಪ್ಪ.

ನಮ್ಮ ಆಳು ಮಲ್ಕಪ್ಪ ಹಗೇವಿನ ಬಾಯಿಯ ಮಣ್ಣು ಒಡೆದು ಸೊಂಟಕ್ಕೆ ಹಗ್ಗ ಬಿಗಿದ. ಆದರೆ ಹಗೇವಿಗೆ ಮನುಷ್ಯ ಇಳಿಯುವ ಮೊದಲು ದೀಪ ಇಳಿಯಬೇಕು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ದೊಡ್ಡಪ್ಪ ಬಾಗಿ, ಹಚ್ಚಿದ ಕಂದೀಲನ್ನು ಒಳಗೆ ಇಳಿಬಿಟ್ಟರು.

ಆರಲಿಲ್ಲ. ಭಗ್!

ಬೆಂಕಿ ಬೇವಿನ ಟೊಂಗೆ ಮುಟ್ಟಿತು. ದೊಡ್ಡಪ್ಪ ಅಂಗಾತ ಬಿದ್ದಿದ್ದರು, ಅರ್ಧ ಮೀಸೆ ಇರಲಿಲ್ಲ. ಡಬ್ಬಿಗಳ ಬೆಸುಗೆಯಲ್ಲಿ ಜಿನುಗಿದ ಪೆಟ್ರೋಲಿನ ಸತ್ವವೆಲ್ಲ ಆವಿಯಾಗಿ ಕುಣಿಯಲ್ಲೇ ಕೂತಿತ್ತು. ಇದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ಮೊದಲು ಮಲ್ಕಪ್ಪ ಇಳಿದಿದ್ದರೆ ಆ ಆವಿಯಲ್ಲೇ ಉಸಿರು ನಿಲ್ಲುತ್ತಿತ್ತು.

ದೊಡ್ಡಪ್ಪ ಮುಖ ತಡವುತ್ತಿದ್ದರು. ಮೋಟಾರಿನೊಳಗಿಂದ ಅತ್ತಿಗೆ ಕೂಗಿದರು: "ಮಾವಾರ, ಮೀಸಿ ಆಮ್ಯಾಲ ಹುಡುಕ್ರಿ! ನಾ ಇಳಿಯಂಗಿಲ್ಲ, ಇದಕ್ಕ ಎತ್ತು ಹೂಡ್ರಿ!"

ಹೂಡಿದೆವು. ಊರೂರಲ್ಲಿ ಎತ್ತು ಬದಲಿಸುತ್ತ, ಮಲ್ಕಪ್ಪ ಹಾರ್ನ್ ಒತ್ತುತ್ತ, ನಾನು ಪಕ್ಕದಲ್ಲಿ ಓಡುತ್ತ! ಕಲಬುರಗಿಯ ಅಂಚಿನ ಕಪನೂರ ದಾಟಿದಾಗ ಇನ್ನೂ ಬಿಸಿಲಿತ್ತು. ಶರಣು ದವಾಖಾನೆಯಲ್ಲೇ ಹುಟ್ಟಿದ.

ಅದೇ ಶರಣು ಇಂದು, "ತಡೀ ಕಾಕಾ, ತಳದಾಗ ಏನೈತಿ ನೋಡ್ತೀನಿ" ಎಂದು ಟಾಕಿಯ ಮೇಲೆ ಬಾಗಿ ಕಡ್ಡಿಪೆಟ್ಟಿಗೆ ತೆಗೆದ. ಅವನ ಕೈಗೆ ಹೊಡೆದೆ; ಈ ವಯಸ್ಸಿನವರೆಗೆ ಅಷ್ಟು ಜೋರಾಗಿ ನಾನು ಯಾರ ಕೈಗೂ ಹೊಡೆದಿರಲಿಲ್ಲ.

ದೊಡ್ಡಪ್ಪ ಈಗಿಲ್ಲ. ಆ ಬೆಂಕಿ ಕಂಡವರಲ್ಲಿ ಉಳಿದವರು ಇನ್ನೂ ಕಮಲಾಪುರದಲ್ಲೇ ಇರುವ ಮಲ್ಕಪ್ಪ, ಅತ್ತಿಗೆ, ನಾನು. ಅತ್ತಿಗೆ ಮಾತ್ರ ಶರಣುವನ್ನೂ ಸೇರಿಸುತ್ತಾರೆ: "ಭಗ್ ಅಂದಾಗ ಹೊಟ್ಟಿ ಒಳಗ ಒದ್ದಾನ್ರಿ ಅಂವಾ."