ಹಿತ್ತಲಿನ ಪೋಠೋಹಾರಿ

ಪ್ರೀತಮಳಿಗೆ ಯಾವ ದೆವ್ವವೂ ಬಡಿದಿರಲಿಲ್ಲ. ಮಾತಾಡಲು ಜನ ಸಿಕ್ಕಿರಲಿಲ್ಲ, ಅಷ್ಟೇ. ಮುದ್ದೇಬಿಹಾಳದ ನಮ್ಮ ಓಣಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಈಗ ಮೊಮ್ಮಕ್ಕಳೂ ದೆವ್ವದ ಕತೆಯನ್ನೇ ಹೇಳುತ್ತಾರೆ. ನಾನು ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಆದರೂ ಬರೆದಿಡುತ್ತೇನೆ.

ದೇಶ ಒಡೆದ ಕೆಲವು ವರ್ಷಗಳ ಮೇಲೆ, ರಸ್ತೆ ಕೆಲಸದ ಲಾರಿ ಓಡಿಸುವ ಸಿಖ್ ಸರದಾರನೊಬ್ಬ ನಮ್ಮ ಹಿತ್ತಲಿನ ಖೋಲಿ ಬಾಡಿಗೆ ಹಿಡಿದ. ಅವನ ಹೆಂಡತಿ ಪ್ರೀತಮ್. ಅವನು ಲುಧಿಯಾನದ ಕಡೆಯವನು, ಅವಳು ರಾವಲ್ಪಿಂಡಿಯ ಸುತ್ತಿನ ಎತ್ತರದ ಸೀಮೆಯವಳು. ಆ ಸೀಮೆ ಪೋಠೋಹಾರ, ಅಲ್ಲಿಯ ಮಾತು ಪೋಠೋಹಾರಿ. ಪಂಜಾಬಿಯೇ, ಆದರೆ ಗಂಡನ ಪಂಜಾಬಿಯಲ್ಲ. ಅವಳು ಬಾಯಿ ತೆರೆದರೆ ಅವನು ನಗುತ್ತಿದ್ದನಂತೆ. ಇದನ್ನೆಲ್ಲ ನೆರೆಮನೆಯ ಕಾಶೀಂಬಿ ತನ್ನ ಉರ್ದುವಿನಲ್ಲಿ ಕೇಳಿ ತಿಳಿದು ನನಗೆ ಹೇಳಿದಳು. ನನಗೇನೂ ಆಶ್ಚರ್ಯವಾಗಲಿಲ್ಲ. ಇಂಡಿ ತಾಲೂಕಿನಿಂದ ಸೊಸೆಯಾಗಿ ಬಂದಾಗ ನನ್ನ ಮಾತಿಗೂ ಇಲ್ಲಿ ನಕ್ಕಿದ್ದರು. ಸಾಕಾದಾಗ ನಾನು ಬಸ್ಸು ಹತ್ತಿ ತವರಿಗೆ ಹೋಗುತ್ತಿದ್ದೆ. ಅವಳ ತವರು ಈಗ ಬೇರೆ ದೇಶ. ಅವಳ ಜನ ಎಲ್ಲೆಲ್ಲಿ ಚದುರಿದರೋ.

ಹಾಗಾಗಿ ನಮ್ಮೂರಲ್ಲಿ ಪೋಠೋಹಾರಿ ನಡೆಯುತ್ತಿದ್ದ ಜಾಗ ಒಂದೇ, ನಮ್ಮ ಎಮ್ಮೆಗೆ ಮೇವು ಹಾಕುವ ಗೋದಲಿ. ಸಂಜೆಯಾದರೆ ಪ್ರೀತಮ್ ಅಲ್ಲಿ ಕುಳಿತು ಮಾತಾಡುತ್ತಿದ್ದಳು. ಎಮ್ಮೆ ಕಿವಿ ಅಲ್ಲಾಡಿಸುತ್ತಿತ್ತು, ನಗುತ್ತಿರಲಿಲ್ಲ.

ಅವಳಿಗೆ ದೆವ್ವ ಬಡಿದಿದೆಯೆಂದು ಓಣಿಯಲ್ಲಿ ಸುದ್ದಿ ಹಬ್ಬಿತು. ಒಂದು ಸಂಜೆ ಅತ್ತೆ ಪಟ್ಟು ಹಿಡಿದರು. "ಆಕಿಗೆ ಗಾಳಿ ಬಡದೈತಿ. ನಾಳೆ ಖೋಲಿ ಖಾಲಿ ಮಾಡಸು."

"ಗಾಳಿ ಅಲ್ರಿ ಅತ್ತಿ. ಮಾತಾಡಾಕ ಯಾರಿಲ್ಲ ಆಕಿಗೆ."

"ಯಾರಿಲ್ಲಂತ ದನದ ಕೂಡ ಮಾತಾಡ್ತಾರನ?"

"ನೀವು ಬೀಸೂ ಕಲ್ಲಿನ ಮುಂದ ನನ್ನ ಬೈಕೋಂತ ಹಾಡ್ತೀರಲ್ರಿ, ಕಲ್ಲಿಗೆ ಕಿವಿ ಅದಾವನ್ರಿ?"

ಅಲ್ಲೇ ಕುಳಿತಿದ್ದ ಕಾಶೀಂಬಿ ನಗು ತಡೆಯಲು ಬಾಯಿಗೆ ಸೆರಗು ಹಿಡಿದಳು. ಅತ್ತೆ ನಗಲಿಲ್ಲ. "ಅದು ಬೀಸೂ ಪದ. ನನ್ನ ಎದುರಿಗೆ ಕಲ್ಲಿನ ಗೂಟ ಹಿಡದು ನೀ ಕುಂತಿರ್ತಿ. ಆಕಿ ಎದುರಿಗೆ ಯಾರದಾರ?"



ಮರುದಿನ ಬೆಳಗಿನ ಜಾವ ಬುಟ್ಟಿ ಜೋಳ ಹೊತ್ತು ತಂದೆ, ಪ್ರೀತಮಳನ್ನು ಕರೆದು ಬೀಸುವ ಕಲ್ಲಿನ ಆ ಬದಿಗೆ ಕೂಡಿಸಿದೆ. ನಾನೊಂದು ಪದ ಹಾಡಿದೆ. ಒಂದೆರಡು ಸುತ್ತು ಕಲ್ಲು ತಿರುಗಿಸಿ ಅವಳೂ ತನ್ನದೊಂದು ಎತ್ತಿದಳು. ಒಂದು ಶಬ್ದವೂ ತಿಳಿಯಲಿಲ್ಲ. ಧಾಟಿ ಮಾತ್ರ ಯಾರನ್ನೋ ಬೈಯುವಂತಿತ್ತು, ನಾನು ಸಾಲುಸಾಲಿಗೂ ಹೂಂಗುಟ್ಟಿದೆ. ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. ಖೋಲಿಯ ಮಾತು ಎತ್ತಲಿಲ್ಲ, ಇನ್ನೊಂದು ಬುಟ್ಟಿ ಜೋಳ ತಂದಿಟ್ಟು ಹೋದರು. ರಟ್ಟೆ ಸೋತಿದ್ದರೂ ಅದನ್ನೂ ಬೀಸಿದೆವು.